ಅಬ್ಬನ ಅರ್ಜಿ ಬಾಕಿ ಇದ್ದ ವರ್ಷ

ಹೋದ ಮಳೆಗಾಲದಲ್ಲಿ ನೆಂಟರೊಬ್ಬರ ಸಾವಿಗೆಂದು ಬೈಂದೂರಿಗೆ ಹೋದವಳು, ತಿರುಗಿ ಬರುವಾಗ ಬಸ್ಸಿಗೆ ಕಾಯುತ್ತ ಒಂದು ಹೋಟೆಲಿನ ಮಾಡಿನ ಕೆಳಗೆ ನಿಂತಿದ್ದೆ. ಒಳಗೆ ಯಾರೋ ಹಾಲು ಕಾಯಿಸಲಿಟ್ಟು ಮರೆತಿದ್ದರು. ತಳ ಹಿಡಿದ ಹಾಲಿನ ವಾಸನೆ ಮಳೆಯ ತಂಪಿಗೆ ಮೇಲೇಳಲಾರದೆ ನೆಲದ ಮೇಲೆಯೇ ಹರಡಿಕೊಂಡು ನಾನು ನಿಂತಲ್ಲಿಗೆ ಬಂತು. ಅಳು ಬರಲಿಲ್ಲ. ದುಃಖವಾಯಿತು ಎಂದೂ ಹೇಳಲಾರೆ. ಕೈಕಾಲು ಜೋಮು ಹಿಡಿದ ಹಾಗಾಯಿತು, ಅಷ್ಟೆ. ನನಗೆ ಹದಿನೇಳು ತುಂಬಿದ ಆ ವರ್ಷ ಪೂರ್ತಿ ಹಾಗೇ ಇತ್ತು.

ನನ್ನ ಅಬ್ಬ ಇಬ್ರಾಹಿಂ ಹುಟ್ಟಿದ್ದು ಬೈಂದೂರಿನಲ್ಲಿ. ಮೀಸೆ ಮೂಡುವ ಮೊದಲೇ ಸೋದರಮಾವನೊಬ್ಬರ ಜೊತೆ ಬೊಂಬಾಯಿಗೆ, ಅಲ್ಲಿಂದ ಹಡಗಿನಲ್ಲಿ ಕರಾಚಿಗೆ ಹೋದರು. ಆಗ ಅದು ಪರದೇಶವಲ್ಲ. ನಮ್ಮ ಕಡೆಯವರು ಹೋಟೆಲು ಕೆಲಸಕ್ಕೆ ಬೊಂಬಾಯಿಗೆ ಹೋದ ಹಾಗೆಯೇ ಅಲ್ಲಿಗೂ ಹೋಗುತ್ತಿದ್ದರು. ಎರಡು ಮೂರು ವರ್ಷಕ್ಕೊಮ್ಮೆ ಊರಿಗೆ ಬರುವುದು, ಮಳೆ ಹಿಡಿಯುವ ಮೊದಲು ಹೋಗುವುದು. ಹಾಗೆ ಬಂದ ಒಂದು ಸಲ ಅಮ್ಮನನ್ನು ಮದುವೆಯಾದರು. ಮತ್ತೊಂದು ಸಲ ಬಂದು ಹೋದಾಗ ಅಮ್ಮನ ಹೊಟ್ಟೆಯಲ್ಲಿ ನಾನಿದ್ದೆ. ನಾನು ಹುಟ್ಟುವಷ್ಟರಲ್ಲಿ ದೇಶ ಎರಡಾಗಿ, ಅಬ್ಬ ಆ ಕಡೆ ಉಳಿದರು. ಮೊದಮೊದಲು ಗಲಾಟೆ ತಣಿಯಲಿ ಎಂದು ಕಾದರು. ತಣಿಯುವಷ್ಟರಲ್ಲಿ ಈಚೆ ಬರಲು ಕಾಗದ ಬೇಕೆಂದಾಯಿತು. ಆ ಕಾಗದ ಕೊಡುವವರು ಯಾರು ಎಂಬುದೇ ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ.

ಅಬ್ಬನನ್ನು ನಾನು ಮೊದಲು ನೋಡಿದಾಗ ನನಗೆ ಒಂಬತ್ತು ವರ್ಷ. ಅಬ್ಬನ ತಾಯಿ, ನನ್ನ ಅಜ್ಜಿ, ಹಾಸಿಗೆ ಹಿಡಿದಿದ್ದರು. ತೆಳ್ಳಗಿನ ಒಬ್ಬ ಮನುಷ್ಯ ಕೈಯಲ್ಲಿ ಕಬ್ಬಿಣದ ಪೆಟ್ಟಿಗೆ ಹಿಡಿದು ಅಂಗಳದಲ್ಲಿ ನಿಂತು, 'ಅಬೂಬಕರ್ ಸಾಹೇಬ್ರ ಮನಿ ಇದೇ ಅಲ್ದಾ?' ಎಂದು ನನ್ನನ್ನೇ ಕೇಳಿದ್ದರು. ಅದು ಅವರ ಅಪ್ಪನ ಹೆಸರು. ಅವರು ಬಂದದ್ದು ಪಾಕಿಸ್ತಾನದ ಪಾಸ್‌ಪೋರ್ಟಿನಲ್ಲಿ, ಮೂರು ತಿಂಗಳ ವೀಸಾದ ಮೇಲೆ. ಅಜ್ಜಿ ತೀರಿಕೊಂಡ ಮೇಲೆ ಅಬ್ಬ ಆ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದರು, ಹಿಂತಿರುಗಿ ಹೋಗಲಿಲ್ಲ. ತಾನು ಇಲ್ಲಿಯವನು, ಇಲ್ಲಿಯ ಪ್ರಜೆ ಎಂದು ಒಪ್ಪಿಕೊಳ್ಳಬೇಕು ಎಂದು ಮಂಗಳೂರಿನ ಕಲೆಕ್ಟರ್ ಕಚೇರಿಗೆ ಅರ್ಜಿ ಹಾಕಿದರು. ವರ್ಷಕ್ಕೊಮ್ಮೆ ವೀಸಾ ಮುಂದುವರಿಸಿಕೊಳ್ಳುತ್ತಿದ್ದರು. ಅರ್ಜಿ ಏನಾಯಿತು ಎಂದು ಕೇಳಿದಾಗಲೆಲ್ಲ 'ವಿಚಾರದಲ್ಲಿದೆ' ಎಂಬ ಉತ್ತರ ಬರುತ್ತಿತ್ತು. ಮನೆಯಲ್ಲಿ ನಾವು ಆಡುತ್ತಿದ್ದುದು ಉರ್ದು ಬೆರೆತ ಮಾತು. ಆದರೆ ಅಬ್ಬ ಮುಖ್ಯವಾದದ್ದೇನಾದರೂ ಹೇಳಬೇಕಾದರೆ ಊರ ಕನ್ನಡಕ್ಕೇ ಹೋಗುತ್ತಿದ್ದರು, ಅವರ ಹಿಂದೆ ಅಮ್ಮ, ನಾನೂ ಅದೇ ಮಾತಿಗೆ.

ಬಸ್‌ಸ್ಟ್ಯಾಂಡಿನ ಹತ್ತಿರ ಅಬ್ಬ ಒಂದು ಚಾದಂಗಡಿ ಇಟ್ಟಿದ್ದರು. ಹಾಲು ಅರ್ಧಕ್ಕೆ ಇಂಗುವ ತನಕ ಕುದಿಸಿ ಮಾಡುವ ಚಾ ಅದು. ಜನ ಅದನ್ನು ಕರಾಚಿ ಚಾ ಎಂದೇ ಕರೆಯುತ್ತಿದ್ದರು. ಕೊಲ್ಲೂರಿಗೆ ಹೋಗುವವರು, ಮೀನಿನ ಲಾರಿಯವರು, ಕೋರ್ಟಿಗೆ ಹೊರಟವರು ಎಲ್ಲರೂ ಅಲ್ಲಿ ನಿಲ್ಲುತ್ತಿದ್ದರು. ಪೊಲೀಸ್ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಸೋಮಯ್ಯ ದಿನಾ ಬೆಳಿಗ್ಗೆ ಬರುತ್ತಿದ್ದರು. ನನಗೆ ಹದಿನೇಳಾದ ಆ ವರ್ಷ ಮಳೆಗಾಲಕ್ಕೆ ಮುಂಚೆ, ಗದ್ದೆಗೆ ಗೊಬ್ಬರ ಹೊರುವ ಕಾಲದಲ್ಲಿ, ಒಂದು ಬೆಳಿಗ್ಗೆ ಸೋಮಯ್ಯ ಅಂಗಡಿಗೆ ಬಾರದೆ ಮನೆಗೆ ಬಂದರು. ನಾನು ಅಂಗಳದಲ್ಲಿ ಒಣಮೀನು ಹರಡುತ್ತಿದ್ದೆ. ಅವರು ಟೊಪ್ಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

'ಸಾಹೇಬ್ರೇ, ಬೇಜಾರ್ ಮಾಡ್ಕಣ್ಬೇಡಿ. ಮ್ಯಾಲಿಂದ ಬಂದದ್ದ್. ನಾನ್ ಕೊಡುಕ್ ಬಂದವ, ಅಷ್ಟೇ' ಎಂದರು.

ಅಬ್ಬ ಕಾಗದ ತೆಗೆದುಕೊಂಡರು. ಇಂಗ್ಲಿಷಿನಲ್ಲಿತ್ತು. 'ಎಂತ ಉಂಟ್ ಇದ್ರಗೆ?' ಎಂದು ಕೇಳಿದರು.

'ಒಂದ್ ತಿಂಗ್ಳೊಳಗೆ ದೇಶ ಬಿಟ್ ಹೋಯ್ಕ್ ಅಂಬ್ರ್. ವೀಸಾ ಇನ್ ಮುಂದ್ವರ್ಸುದಿಲ್ಲೆ ಅಂಬ್ರ್.'

'ನನ್ನ ಅರ್ಜಿ?'

ಸೋಮಯ್ಯ ಟೊಪ್ಪಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದರು. ಅಬ್ಬ ಒಳಗೆ ನೋಡಿ, 'ಸೋಮಯ್ಯನವ್ರಿಗೆ ಚಾ ಮಾಡ್' ಎಂದರು. ಅಮ್ಮ ಚಾ ಮಾಡಿದರು. ಸೋಮಯ್ಯ ಕುಡಿದು, ಲೋಟ ತೊಳೆದಿಟ್ಟು ಹೋದರು. ಹರಡಿದ ಮೀನು ಅಲ್ಲೇ ಉಳಿದು ಕಾಗೆ ಬಂತು. ನಾನು ಓಡಿಸಲಿಲ್ಲ. ಯಾಕೆ ಓಡಿಸಲಿಲ್ಲ ಎಂದು ಈಗ ಕೇಳಿದರೆ ಗೊತ್ತಿಲ್ಲ.

ಮರುದಿನವೇ ಅಬ್ಬ ಕುಂದಾಪುರಕ್ಕೆ ಹೋದರು, ಐತಾಳ ವಕೀಲರ ಹತ್ತಿರ. ಐತಾಳರು ನಮ್ಮ ಚಾದಂಗಡಿಯ ಗಿರಾಕಿ. ಬೈಂದೂರಿನ ಕಡೆ ಕೇಸಿನ ಸ್ಥಳ ನೋಡಲು ಬಂದಾಗಲೆಲ್ಲ ಅಬ್ಬನ ಹತ್ತಿರ ಎರಡು ಚಾ ಕುಡಿದೇ ಹೋಗುವವರು. ಇಂಗ್ಲಿಷ್ ಬಾರದಿದ್ದರೂ ನನಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ ಎಂಬ ಧೈರ್ಯಕ್ಕೆ ಅಬ್ಬ ನನ್ನನ್ನೂ ಕರೆದುಕೊಂಡು ಹೋದರು. ಮರವಂತೆಯಲ್ಲಿ ಬಸ್ಸಿನ ಎಡದ ಕಿಟಕಿಯಿಂದ ಹೊಳೆ, ಬಲದ ಕಿಟಕಿಯಿಂದ ಕಡಲು. ಕಡಲು ಆಗಲೇ ಕೆಸರು ಬಣ್ಣಕ್ಕೆ ತಿರುಗಿತ್ತು. ಮುಂದೆ ಒಂದು ಕಡೆ ಸೇತುವೆ ಇನ್ನೂ ಆಗಿರಲಿಲ್ಲ. ಬಸ್ಸಿಳಿದು ದೋಣಿಯಲ್ಲಿ ಹೊಳೆ ದಾಟಿ ಆಚೆ ದಡದಲ್ಲಿ ಇನ್ನೊಂದು ಬಸ್ಸು ಹತ್ತಿದೆವು.

ಐತಾಳರು ಕಾಗದವನ್ನು ಎರಡು ಸಲ ಓದಿದರು. ಆಮೇಲೆ ನಮಗೆ ತಿಳಿಯುವ ಹಾಗೆ ಹೇಳಿದರು. ಪಾಕಿಸ್ತಾನದ ಪಾಸ್‌ಪೋರ್ಟು ತೆಗೆದುಕೊಂಡವನು ಆ ದೇಶದವನೇ ಎಂದು ಸರಕಾರದ ನೀತಿ. ಅಂಥವರ ಅರ್ಜಿಗಳನ್ನು ಅವರು ತಿರಸ್ಕರಿಸುವುದೂ ಇಲ್ಲ, ಒಪ್ಪುವುದೂ ಇಲ್ಲ. ಬದಿಗಿಟ್ಟುಬಿಡುತ್ತಾರೆ. ಈಗ ಅರ್ಜಿ ಬದಿಯಲ್ಲಿರುವಾಗಲೇ ಮನುಷ್ಯನನ್ನು ಗಡಿ ದಾಟಿಸಲು ಹೊರಟಿದ್ದಾರೆ. ಆದರೆ ಕಾನೂನಿನ ಪ್ರಕಾರ, ಆತ ಯಾವ ದೇಶದವನು ಎಂದು ಮೊದಲು ದೆಹಲಿಯವರು ವಿಚಾರಣೆ ಮಾಡಿ ತೀರ್ಮಾನಿಸಬೇಕು. ಅದಕ್ಕೆ ಮೊದಲು ಹೊರಗೆ ಹಾಕುವ ಹಾಗಿಲ್ಲ. ಹೈಕೋರ್ಟಿಗೆ ಹೋದರೆ ತಡೆ ಸಿಕ್ಕೀತು.

'ಅಷ್ಟೇ ಸಾಕಾ? ಅರ್ಜಿಗೆ ಉತ್ರ ಕೊಡಿ ಅಂತ್ಲೂ ಕೇಣ್ಕ್ ಅಲ್ದಾ?' ಎಂದರು ಅಬ್ಬ.

ಐತಾಳರು ಕನ್ನಡಕ ತೆಗೆದರು. 'ಸಾಹೇಬ್ರೇ, ಅದನ್ ಕೇಣುದ್ ಬ್ಯಾಡ. ಇಷ್ಟ್ ದಿವ್ಸದೊಳಗೆ ತೀರ್ಮಾನ ಮಾಡಿ ಅಂತ ನಾವೇ ಹೇಳದ್ರೆ ಅವ್ರ್ ಮಾಡ್ತ್ರ್. ಇಲ್ಲೆ ಅಂತ ಬರದ್ರೆ ಮುಗೀತ್. ಅರ್ಜಿ ಬಾಕಿ ಇಪ್ಪಷ್ಟ್ ದಿವ್ಸ ನಿಮ್ಮನ್ನ ಯಾರೂ ಮುಟ್ಟೂಕಾತಿಲ್ಲೆ. ತಡ ಆಯ್ಲಿ. ತಡ ಆದಷ್ಟೂ ಒಳ್ಳೇದ್.'

'ಮತ್ತೆ ನಾನ್ ಎಲ್ಲಿಯವ?'

'ಅದ್ ಹಾಂಗೇ ಇರ್ಲಿ.'

'ಇಷ್ಟ್ ವರ್ಷ ಹಾಂಗೇ ಇದ್ದದ್ದ್ ಸಾಕಲ್ದಾ ವಕೀಲ್ರೇ? ಹೋಗಂದ್ರೆ ಹೋತೆ. ಇರಂದ್ರೆ ಇರ್ತೆ. ಎಂತದೂ ಹೇಳ್ದೆ ಇಪ್ಪುದ್ ಹ್ಯಾಂಗೆ?' ಅಬ್ಬನ ದನಿ ಏರಿರಲಿಲ್ಲ. ಆದರೆ ತಡೆ, ಉತ್ತರ ಎರಡನ್ನೂ ಕೇಳದಿದ್ದರೆ ವಕಾಲತ್ತಿಗೆ ಸಹಿ ಹಾಕುವುದಿಲ್ಲ ಎಂದು ಎದ್ದುಬಿಟ್ಟರು. ಐತಾಳರು ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ.

ಮನೆಗೆ ಬಂದ ಮೇಲೆ ಅಮ್ಮ ಕೇಳಿದರು. ಅಬ್ಬ ಹೇಳಲಿಲ್ಲ, ನಾನೇ ಹೇಳಿದೆ. ಅಮ್ಮ ಕೇಳುತ್ತ ಅಕ್ಕಿ ಆರಿಸುತ್ತಿದ್ದರು. ಆರಿಸುವುದನ್ನು ನಿಲ್ಲಿಸಲಿಲ್ಲ. ಆ ವಾರ ಮಳೆ ಹಿಡಿಯಿತು. ಗಾಳಿಗೆ ಹಂಚು ಹಾರಿ ಅಡುಗೆಮನೆ ಸೋರಿತು. ಅಬ್ಬ ಅಟ್ಟದಿಂದ ಪೆಟ್ಟಿಗೆ ಇಳಿಸಿ, ತುಕ್ಕು ಉಜ್ಜಿ ತೆಗೆದು, ಎರಡು ಅಂಗಿ, ಎರಡು ಲುಂಗಿ, ಒಂದು ಕಂಬಳಿ ಇಟ್ಟರು. ಊಟಕ್ಕೆ ಕೂತಾಗ ಎಂದಿನ ಹಾಗೆ 'ಉಪ್ಪ್ ಕಮ್ಮಿ' ಎಂದರು. ಅಮ್ಮ ಉಪ್ಪು ತುಂಬಿದ ಮರದ ಮರಿಗೆ ತಂದಿಟ್ಟರು. ಅಂಗಡಿಯಲ್ಲಿ ಆ ದಿನಗಳಲ್ಲಿ ಹಾಲು ಮತ್ತೆ ಮತ್ತೆ ತಳ ಹಿಡಿಯುತ್ತಿತ್ತು. ಗಿರಾಕಿಗಳು ಸುಟ್ಟ ವಾಸನೆಯ ಚಾವನ್ನು ಸುಮ್ಮನೆ ಕುಡಿದು ಹೋಗುತ್ತಿದ್ದರು.

ಹೋಗಬೇಕಾದ ದಿನ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಅಮ್ಮ ಬುರ್ಖಾ ಹಾಕಿಕೊಂಡು ಹೊರಟು ನಿಂತಿದ್ದರು. ಮದುವೆಯಾದಾಗಿನಿಂದ ಅವರು ಬೈಂದೂರು ಬಿಟ್ಟು ಹೋದದ್ದಿಲ್ಲ. ತವರೂ ಅದೇ ಊರು.

'ಎಲ್ಲಿಗೆ?' ಎಂದರು ಅಬ್ಬ.

'ಕುಂದಾಪ್ರಕ್ಕೆ. ನೀವೂ ಬನ್ನಿ. ಬತ್ತಿಲ್ಲೆ ಅಂದ್ರೆ ಹೆಣ್ಣಿನ್ ಕರ್ಕಂಡ್ ಹೋತೆ.'

ಮೂವರೂ ಹೋದೆವು. ಮರವಂತೆಯಲ್ಲಿ ಅಲೆಯ ನೀರು ರಸ್ತೆಗೆ ಬಂದು ಬಸ್ಸಿನ ಗಾಜಿಗೆ ಹೊಡೆಯುತ್ತಿತ್ತು. ದೋಣಿಯಲ್ಲಿ ಕೂತಾಗ ಅಮ್ಮ ನನ್ನ ಮುಂಗೈ ಹಿಡಿದದ್ದು ಬಿಟ್ಟರೆ ಭಯದ ಗುರುತು ಬೇರೆ ಕಾಣಲಿಲ್ಲ. ಹೊಳೆ ತುಂಬಿ ಮರದ ದಿಮ್ಮಿಗಳು ತೇಲಿ ಬರುತ್ತಿದ್ದವು. ದೋಣಿಯವನು ಒಂದನ್ನು ಗಳೆಯಿಂದ ಆಚೆ ತಳ್ಳಿದ.

ಐತಾಳರು ಅಮ್ಮನಿಗೆ ಕುರ್ಚಿ ಕೊಟ್ಟರು. ಅಮ್ಮ ಕೂರಲಿಲ್ಲ. ನಿಂತೇ ಮಾತಾಡಿದರು, ಅಬ್ಬನ ಕಡೆ ತಿರುಗದೆ ವಕೀಲರಿಗೇ.

'ವಕೀಲ್ರೇ, ನಂಗೆ ಕಾನೂನ್ ಗೊತ್ತಿಲ್ಲೆ. ಮದಿ ಆಯ್ ಬಂದವ್ಳ್ ಇವ್ರ ಜತಿಗ್ ಇದ್ದದ್ ಎಷ್ಟ್ ದಿವ್ಸ ಅಂತ ಲೆಕ್ಕ ಹಾಕದ್ರೆ ನಂಗೇ ನಾಚ್ಕಿ ಆತ್ತ್. ಹೆಣ್ಣ್ ಹುಟ್ಟದ್ದ್ ಇವ್ರ್ ಕಾಣ್ಲಿಲ್ಲೆ. ನಡುದ್ ಕಾಣ್ಲಿಲ್ಲೆ. ಸತ್ತ್ರೋ ಇದ್ರೋ ಅಂತ ಗೊತ್ತಿಲ್ದೆ ಅತ್ತಿ ಚಾಕ್ರಿ ಮಾಡ್ಕಂಡ್ ಇದ್ದೆ. ಇವ್ರಿಗೆ ಉತ್ರ ಬೇಕಂಬ್ರ್. ನಂಗೆ ಉತ್ರ ಬ್ಯಾಡ. ಇವ್ರ್ ಬೇಕ್. ಸರ್ಕಾರದವ್ರ್ ನಿದ್ರಿ ಮಾಡ್ತಿದ್ರೆ ಎಬ್ಸುದ್ ಬ್ಯಾಡ.'

ಐತಾಳರು ಮೇಜಿನ ಮೇಲಿನ ಕಾಗದ ಸರಿಮಾಡಿದರು. ಅಬ್ಬ ಬಾಗಿಲ ಹತ್ತಿರ ನಿಂತಿದ್ದವರು ನಿಧಾನ ಬಂದು, 'ಸಹಿ ಎಲ್ಲಿ ಹಾಕ್ಕ್?' ಎಂದು ಕೇಳಿದರು. ಐತಾಳರು ಜಾಗ ತೋರಿಸಿದರು. ಅಬ್ಬ ಸಹಿ ಹಾಕಿದರು. ಉತ್ತರ ಕೊಡಿಸಿ ಎನ್ನುವ ಮಾತು ಹೈಕೋರ್ಟಿಗೆ ಹಾಕಿದ ಅರ್ಜಿಯಲ್ಲಿ ಬರಲಿಲ್ಲ.

ಅಬ್ಬನಿಗೆ ಅಮ್ಮನ ಮೇಲೆ ಸಿಟ್ಟು ಬಂದಿತ್ತು ಎಂದು ನಾನು ಬಹಳ ಕಾಲ ತಿಳಿದಿದ್ದೆ. ಸಿಟ್ಟಲ್ಲ. ಮಾತಾಡುವಾಗ ಮಾತಾಡುತ್ತಿದ್ದರು, ಮೀನು ತಂದುಕೊಡುತ್ತಿದ್ದರು, ಅಮ್ಮನಿಗೆ ತಲೆನೋವಾದರೆ ಕಷಾಯ ಕಾಯಿಸುತ್ತಿದ್ದರು. ಆದರೆ ಒಂದು ಕೆಲಸವನ್ನು ಕೈಬಿಟ್ಟ ಮನುಷ್ಯನ ಹಾಗೆ ಇದ್ದರು. ಮೊದಲು ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ತಲೆ ಎತ್ತುತ್ತಿದ್ದವರು ಈಗ ಎತ್ತುತ್ತಿರಲಿಲ್ಲ. ಅಂಚೆಯವನೇ ಒಳಗೆ ಬಂದು 'ಸಾಹೇಬ್ರೇ' ಎಂದು ಕರೆಯಬೇಕಿತ್ತು.

ಹಾಗೆ ಒಂದು ದಿನ ಕರೆದು ತಂತಿ ಕೊಟ್ಟ. ಬೆಂಗಳೂರಿನಲ್ಲಿ ನಮ್ಮ ಪರವಾಗಿ ವಾದಿಸುತ್ತಿದ್ದ ವಕೀಲರಿಂದ ಐತಾಳರಿಗೆ ಬಂದ ಸುದ್ದಿಯನ್ನು ಐತಾಳರು ನಮಗೆ ಕಳಿಸಿದ್ದರು. ಹೈಕೋರ್ಟು ತಡೆ ಕೊಟ್ಟಿದೆ, ಕೇಸು ಮುಗಿಯುವ ತನಕ ಕಳಿಸುವ ಹಾಗಿಲ್ಲ. ಅಬ್ಬ ಹೋಗಬೇಕಾಗಿದ್ದ ದಿನಕ್ಕೆ ಒಂದೆರಡು ದಿನ ಬಾಕಿ ಇತ್ತು. ಸೋಮಯ್ಯ ಅಂಗಡಿಗೆ ಬಂದು, ಹಲವು ದಿನಗಳ ನಂತರ ಬೆಂಚಿನ ಮೇಲೆ ಕೂತು, 'ಒಂದ್ ಚಾ ಕೊಡಿ ಸಾಹೇಬ್ರೇ' ಎಂದರು. ಅಮ್ಮ ಪೆಟ್ಟಿಗೆ ತೆರೆದು ಕಂಬಳಿ ತೆಗೆದು, ಆ ಮಳೆಗೆ ಮುಗ್ಗಲು ವಾಸನೆ ಹಿಡಿದಿತ್ತೆಂದು, ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರು. ಪೆಟ್ಟಿಗೆಯನ್ನು ಮಾತ್ರ ಯಾರೂ ಅಟ್ಟಕ್ಕೆ ಏರಿಸಲಿಲ್ಲ. ಗೋಡೆಯ ಬುಡದಲ್ಲಿ ಇತ್ತು. ನಾವು ಅದರ ಮೇಲೆ ಕೂರುತ್ತಿದ್ದೆವು.

ಆಮೇಲೆ ಕಾಯುವ ತಿಂಗಳುಗಳು. ಅವುಗಳ ಬಗ್ಗೆ ಹೇಳಲು ನನ್ನ ಹತ್ತಿರ ಹೆಚ್ಚೇನೂ ಇಲ್ಲ. ಕೇಸು ಮುಂದಕ್ಕೆ ಹೋಯಿತು, ಮತ್ತೂ ಮುಂದಕ್ಕೆ ಹೋಯಿತು. ಸರಕಾರದ ವಕೀಲರು ದೆಹಲಿಯಿಂದ ಕಡತ ಬರಬೇಕೆಂದರು. ಅಬ್ಬ ಬೆಂಗಳೂರಿಗೆ ಹೋಗುವ ಹಾಗಿರಲಿಲ್ಲ. ಮೊದಲ ದಿನದಿಂದಲೂ ಅವರಿಗೆ ಬೈಂದೂರು ಇರುವ ಕುಂದಾಪುರ ತಾಲೂಕಿನಲ್ಲಿ ಮಾತ್ರ ಇರಲು ಅಪ್ಪಣೆ. ಆಚೆ ಕಾಲಿಡಬೇಕಾದರೆ ಬೇರೆ ಪರವಾನಗಿ ಬೇಕು, ಅದಕ್ಕೆ ಬೇರೆ ಅರ್ಜಿ. ತನ್ನ ಕೇಸಿನಲ್ಲಿ ತನ್ನ ಬಗ್ಗೆ ಏನು ಮಾತಾಡುತ್ತಿದ್ದಾರೆ ಎಂಬುದು ಅವರ ಕಿವಿಗೆ ಬೀಳಲೇ ಇಲ್ಲ. ಗದ್ದೆಯ ಕೊಯ್ಲು ಮುಗಿದು ಚಳಿ ಬಂತು. ಗಂಗೊಳ್ಳಿಯಿಂದ ಬಂಗುಡೆ ಮೀನು ರಾಶಿ ರಾಶಿ ಬಂತು. ನಾನು ತಿನ್ನುತ್ತಿದ್ದೆ, ರುಚಿ ಗೊತ್ತಾಗುತ್ತಿರಲಿಲ್ಲ. ಅಬ್ಬ ಇದ್ದಾರೆ ಎಂಬ ಖುಷಿ ಇರಬೇಕಿತ್ತು. ಹೋಗುತ್ತಾರೆ ಎಂಬ ಹೆದರಿಕೆಯಾದರೂ ಇರಬೇಕಿತ್ತು. ಎರಡೂ ಇರಲಿಲ್ಲ. ಒಂಬತ್ತು ವರ್ಷ ಇಲ್ಲದ ಅಪ್ಪ ಆಮೇಲೆ ಬಂದಾಗ, ಇವರು ಮತ್ತೆ ಹೋಗುವವರು ಎಂದು ಯಾವ ಕಾಲದಲ್ಲೋ ಮನಸ್ಸು ಲೆಕ್ಕ ಹಾಕಿ ಇಟ್ಟುಕೊಂಡಿತ್ತೇನೋ.

ಆ ಚಳಿಗಾಲದಲ್ಲೇ ಬ್ರಹ್ಮಾವರದಿಂದ ನನಗೊಂದು ಸಂಬಂಧ ಬಂತು. ಹುಡುಗನದು ಸೈಕಲ್ ಅಂಗಡಿ. ಅವನ ದೊಡ್ಡಪ್ಪ ನೋಡಲು ಬಂದವರು ಎಲ್ಲ ಒಪ್ಪಿ, ಏಳುವ ಹೊತ್ತಿಗೆ ಅಬ್ಬನನ್ನು ಕೇಳಿದರು.

'ತಪ್ಪ್ ತಿಳ್ಕಣ್ಬೇಡಿ. ಮದಿ ಹೊತ್ತಿಗ್ ನೀವ್ ಇಲ್ಲಿ ಇರ್ತ್ರ್ಯಾ?'

'ಗೊತ್ತಿಲ್ಲೆ' ಎಂದರು ಅಬ್ಬ.

ಬೇರೆ ಯಾರಾದರೂ 'ದೇವರಿಟ್ಟ ಹಾಗೆ' ಎನ್ನುತ್ತಿದ್ದರು, ಇಲ್ಲವೇ 'ಇರ್ತೆ' ಎಂದು ಸುಳ್ಳು ಹೇಳುತ್ತಿದ್ದರು. ದೊಡ್ಡಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತ, 'ಅಡ್ಡಿಲ್ಲೆ. ಹೆಣ್ ಇತ್ತಲ್ಲ' ಎಂದರು. ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ನನ್ನ ಮದುವೆ ಗೊತ್ತಾದದ್ದು ಹೀಗೆ.

ತೀರ್ಪು ಬಂದದ್ದು ಮಾವಿನ ಮಿಡಿ ಹಾಕುವ ದಿನಗಳಲ್ಲಿ. ಐತಾಳರು ಸ್ವತಃ ಬಂದರು. ಅಂಗಡಿಯ ಮುಂದೆ ಬಸ್ಸಿಳಿದು ಕೊಡೆ ಮಡಚುತ್ತ, 'ಗೆದ್ವಿ ಸಾಹೇಬ್ರೇ' ಎಂದರು. ದೆಹಲಿಯವರು ವಿಚಾರಣೆ ಮಾಡಿ ತೀರ್ಮಾನಿಸುವ ತನಕ ಅಬ್ಬನನ್ನು ಕಳಿಸುವ ಹಾಗಿಲ್ಲ ಎಂದು ಹೈಕೋರ್ಟು ಹೇಳಿತ್ತು. ಎಷ್ಟು ದಿನದಲ್ಲಿ ತೀರ್ಮಾನಿಸಬೇಕು ಎಂದು ಹೇಳಿರಲಿಲ್ಲ. ನಾವು ಕೇಳಿರಲಿಲ್ಲ, ಅದಕ್ಕೆ ಅವರೂ ಹೇಳಿರಲಿಲ್ಲ. ಬೆಂಚಿನ ಮೇಲಿದ್ದವರು ಎದ್ದು ಬಂದು ಅಬ್ಬನ ಭುಜ ತಟ್ಟಿದರು. ಮೀನಿನ ಲಾರಿಯ ಚಾಲಕನೊಬ್ಬ, 'ಇವತ್ತ್ ಚಾ ಪುಕ್ಕಟೆಯಾ ಸಾಹೇಬ್ರೇ?' ಎಂದ. ಅಬ್ಬ ಎಲ್ಲರಿಗೂ ಚಾ ಕೊಟ್ಟರು. ಐತಾಳರಿಗೆ ಎರಡು ಕೊಟ್ಟರು. ಮನೆಗೆ ಬಂದು ಅಮ್ಮನಿಗೆ, 'ನಿನ್ನ ಇಷ್ಟದ್ ಹಾಂಗೇ ಆತ್' ಎಂದರು. ಚುಚ್ಚಿ ಹೇಳಿದ ಮಾತಾಗಿರಲಿಲ್ಲ. ಅಮ್ಮ ತಲೆಯಾಡಿಸಿದರು. ಇಬ್ಬರೂ ಉಪ್ಪಿನಕಾಯಿಯ ಭರಣಿಯ ಎದುರು ಕೂತು ಮಿಡಿಯ ತೊಟ್ಟು ಮುರಿದರು. ಹೊತ್ತು ಮುಳುಗುವ ತನಕ ಮುರಿಯುತ್ತಲೇ ಇದ್ದರು.

ನನ್ನ ನಿಕಾಹ್ ಬೈಂದೂರಿನಲ್ಲಿ ನಮ್ಮ ಮನೆಯ ಅಂಗಳದಲ್ಲೇ ಆಯಿತು. ಅಬ್ಬ ಇದ್ದರು. ನನ್ನನ್ನು ಕರೆದುಕೊಂಡು ಹೋಗುವ ಬಸ್ಸಿಗೆ ಅಮ್ಮ ಹತ್ತಿದರು, ನೆಂಟರು ಹತ್ತಿದರು. ಅಬ್ಬ ಹತ್ತಲಿಲ್ಲ. ಬ್ರಹ್ಮಾವರ ಉಡುಪಿ ತಾಲೂಕು. ಪರವಾನಗಿಗೆ ಹಾಕಿದ ಅರ್ಜಿಗೆ ಇನ್ನೂ ಉತ್ತರ ಬಂದಿರಲಿಲ್ಲ. ಅದು ಮದುವೆಯಾಗಿ ಎಷ್ಟೋ ದಿನದ ಮೇಲೆ ಬಂತು, ಮದುವೆಯ ತಾರೀಖಿಗೆ ಮಾತ್ರ ಸಲ್ಲುವ ಹಾಗೆ.

ಮಳೆಗಾಲ ಮುಗಿಯುವ ಹೊತ್ತಿಗೆ ಪಾಕಿಸ್ತಾನದ ಜೊತೆ ಯುದ್ಧ ಶುರುವಾಯಿತು. ಬ್ರಹ್ಮಾವರದ ಅಂಗಡಿಗಳಲ್ಲಿ ರೇಡಿಯೋದ ಸುತ್ತ ಜನ ನಿಲ್ಲುತ್ತಿದ್ದರು. ನನ್ನ ಗಂಡ ಸೈಕಲ್ಲಿನಲ್ಲಿ ಬೈಂದೂರಿಗೆ ಹೋಗಿ ನೋಡಿಕೊಂಡು ಬಂದರು. ಅಬ್ಬ ದಿನಾ ಬೆಳಿಗ್ಗೆ ಠಾಣೆಗೆ ಹೋಗಿ ಸಹಿ ಹಾಕಬೇಕಂತೆ. ಅಂಗಡಿ ತೆರೆದೇ ಇದೆಯಂತೆ, ಬೆಂಚು ಖಾಲಿಯಂತೆ. ಯಾರೂ ಏನೂ ಅಂದಿಲ್ಲವಂತೆ, ಕಲ್ಲು ಎಸೆದಿಲ್ಲವಂತೆ. ಅಂಗಡಿಯ ಬದಿಯಲ್ಲಿ ಹೋಗುತ್ತಿದ್ದವರು ರಸ್ತೆಯ ಆಚೆ ಬದಿಯಲ್ಲಿ ಹೋಗುತ್ತಾರೆ, ಅಷ್ಟೆ. ಯುದ್ಧ ಮುಗಿದ ಮೇಲೆ ಜನ ಒಬ್ಬೊಬ್ಬರಾಗಿ ತಿರುಗಿ ಬಂದರು. ಆದರೆ ಕರಾಚಿ ಚಾ ಎಂಬ ಮಾತು ನಿಂತುಹೋಯಿತು. 'ಒಂದ್ ಚಾ' ಎನ್ನುತ್ತಿದ್ದರು. ದಿನಾ ಇದ್ದ ಸಹಿ ವಾರಕ್ಕೊಂದಾಯಿತು, ಆಮೇಲೆ ತಿಂಗಳಿಗೊಂದು. ದೆಹಲಿಯಿಂದ ಏನೂ ಬರಲಿಲ್ಲ. ಅಮ್ಮ ಬಯಸಿದ ಹಾಗೆ, ಯಾರೂ ಯಾರನ್ನೂ ಎಬ್ಬಿಸದೆ, ವರ್ಷಗಳು ಹೋದವು.

ಅಮ್ಮ ಕಾಮಾಲೆಯಾಗಿ ತೀರಿಕೊಂಡಾಗ ನನ್ನ ಎರಡನೆಯ ಮಗ ಇನ್ನೂ ಎದೆಹಾಲು ಕುಡಿಯುತ್ತಿದ್ದ. ನಲವತ್ತನೆಯ ದಿನದ ಫಾತಿಹಾ ಮುಗಿದ ಮರುದಿನ ಅಬ್ಬ ಬಿಳಿ ಅಂಗಿ ಹಾಕಿಕೊಂಡು, 'ನೀನ್ ಊರಿಗ್ ಹೋತ್ಯಲ್ಲ, ಕುಂದಾಪ್ರದವರೆಗೆ ನಾನೂ ಬತ್ತೆ' ಎಂದರು. ಅಷ್ಟರಲ್ಲಿ ಹೊಳೆಗೆ ಸೇತುವೆಯಾಗಿತ್ತು. ನಾವು ಇಳಿಯದೆಯೇ ದಾಟಿದೆವು. ಕುಂದಾಪುರದಲ್ಲಿ ಅವರು ನೆಟ್ಟಗೆ ಐತಾಳರ ಮನೆಗೆ ನಡೆದರು. ನಾನು ಮಗುವನ್ನು ಎತ್ತಿಕೊಂಡು ಹಿಂದೆ ಹೋದೆ.

ಐತಾಳರಿಗೆ ವಯಸ್ಸಾಗಿತ್ತು. ಅಬ್ಬ ಅಮ್ಮನ ಸುದ್ದಿ ಹೇಳಿದರು. ಆಮೇಲೆ, 'ಈಗ ಉತ್ರ ಕೇಣಿ' ಎಂದರು.

'ಇಲ್ಲೆ ಅಂತ ಬಂದ್ರೆ?'

'ಹೋತೆ.'

'ಅಲ್ಲಿ ಯಾರಿದ್ರ್ ನಿಮ್ಗೆ ಈಗ?'

'ಯಾರಿಲ್ಲೆ.'

ಐತಾಳರು ನನ್ನನ್ನು ನೋಡಿದರು. ಅಮ್ಮನ ಹಾಗೆ ನಾನು ಮಾತಾಡುತ್ತೇನೆಂದು ಕಾದರೇನೋ. ನಾನು ಮಾತಾಡಬಹುದಿತ್ತು. ಆದರೆ ಅಬ್ಬ ತನ್ನ ಪಾಲಿನದನ್ನು ಒಮ್ಮೆ ಬಿಟ್ಟುಕೊಟ್ಟವರು. ಎರಡನೆಯ ಸಲ ಬಿಡಿ ಎನ್ನಲು ನಾನು ಯಾರು ಎನಿಸಿತು. ಮಗು ಅಳತೊಡಗಿತು, ಸೆರಗು ಮುಚ್ಚಿ ಹಾಲು ಕೊಟ್ಟೆ. ಐತಾಳರು ಕಾಗದ ಎಳೆದುಕೊಂಡು ಬರೆಯಲು ಶುರುಮಾಡಿದರು.

ಈ ಸಲ ಹೈಕೋರ್ಟು ಗಡುವು ಹಾಕಿತು. ಗಡುವು ದಾಟಿದ ಮೇಲೆ, ಮತ್ತೊಂದು ಅರ್ಜಿಯ ನಂತರ, ವಿಚಾರಣೆಗೆ ಒಬ್ಬ ಅಧಿಕಾರಿ ಕುಂದಾಪುರಕ್ಕೆ ಬಂದು ಪ್ರವಾಸಿ ಬಂಗಲೆಯಲ್ಲಿ ಉಳಿದರು. ಘಟ್ಟದ ಮೇಲಿನವರು, ನಮ್ಮ ಮಾತು ಅವರಿಗೆ ನಿಧಾನ ಹೇಳಿದರೆ ತಿಳಿಯುತ್ತಿತ್ತು. ಐತಾಳರು ಮೊದಲೇ ಅಬ್ಬನಿಗೆ ಪಾಠ ಮಾಡಿದ್ದರು. ಪಾಸ್‌ಪೋರ್ಟು ತನ್ನ ಇಷ್ಟದಿಂದ ತೆಗೆದುಕೊಂಡದ್ದಲ್ಲ, ಬಲವಂತದಿಂದ ಆದದ್ದು. ಇಷ್ಟು ಹೇಳಿ, ಬೇರೇನೂ ಬೇಡ ಎಂದಿದ್ದರು.

'ಅಲ್ಲಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದು ನೀವೇನಾ? ಯಾರಾದರೂ ಬಲವಂತ ಮಾಡಿದರಾ?' ಎಂದು ಅಧಿಕಾರಿ ಕೇಳಿದರು.

'ಯಾರೂ ಮಾಡ್ಲಿಲ್ಲೆ. ನಾನೇ ಹಾಕದ್ದ್' ಎಂದರು ಅಬ್ಬ.

ಐತಾಳರು ಕೆಮ್ಮಿದರು. ಅಬ್ಬ ಆ ಕಡೆ ನೋಡಲಿಲ್ಲ.

'ಯಾಕೆ ಹಾಕಿದಿರಿ?'

'ಅಮ್ಮ ಸಾಯುಕಾಯ್ತ್ ಅಂತ ಕಾಗ್ದ ಬಂತ್. ಹೆಂಡ್ತಿ ಇಲ್ಲಿತ್ತ್. ಈ ಹೆಣ್ಣ್ ಹುಟ್ಟದ್ದ್ ಕಂಡಿರ್ಲಿಲ್ಲೆ. ಇಲ್ಲಿಗ್ ಬಪ್ಪುಕೆ ಅಲ್ಲಿ ಕೊಡುದ್ ಅದೊಂದೇ.'

'ಬೇರೆ ದಾರಿ ಇರಲಿಲ್ಲವಾ?'

'ಇದ್ದಿದ್ರೆ ಅದನ್ನೇ ಹಿಡೀತಿದ್ದೆ.'

ಅಧಿಕಾರಿ ಪೆನ್ನು ಕೆಳಗಿಟ್ಟರು. ಆಮೇಲೆ ಪಕ್ಕದ ಗುಮಾಸ್ತನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ ಬರೆಸಿದರು. ಹೊರಗೆ ಬಂದ ಮೇಲೆ ಐತಾಳರು ನನಗೆ ಹೇಳಿದರು, ಸ್ವದೇಶಕ್ಕೆ ಮರಳಲು ಬೇರೆ ಉಪಾಯವಿಲ್ಲದೆ ತೆಗೆದುಕೊಂಡದ್ದು ಎಂದು ಬರೆಸಿದ್ದಾರೆ, ಸ್ವದೇಶ ಎಂಬ ಮಾತು ಅವರೇ ಹಾಕಿದ್ದು ಎಂದು.

ಉತ್ತರ ಬಂದದ್ದು ಮುಂದಿನ ಮಳೆಗಾಲಕ್ಕೆ. ಇಬ್ರಾಹಿಂ ಎಂಬವರು ಭಾರತದ ಪ್ರಜೆ, ಆಗಿಯೇ ಇದ್ದಾರೆ, ಬೇರೆ ದೇಶದ ಪ್ರಜೆ ಆದದ್ದೇ ಇಲ್ಲ. ಅದನ್ನು ಓದಿ ಹೇಳಿದ್ದು ಸೋಮಯ್ಯನವರ ಜಾಗಕ್ಕೆ ಬಂದಿದ್ದ ಹೊಸ ಹೆಡ್ ಕಾನ್‌ಸ್ಟೇಬಲ್, ಅಂಗಡಿಯಲ್ಲೇ. ಅಬ್ಬ ಕೇಳಿ, 'ಹೌದಾ' ಎಂದರಂತೆ. ಇದು ನನಗೆ ಗೊತ್ತಾದದ್ದು ಮೂರ್ನಾಲ್ಕು ದಿನದ ಮೇಲೆ, ಅಬ್ಬ ಯಾರಿಗೂ ಹೇಳದೆ, ಪರವಾನಗಿಯ ಹಂಗಿಲ್ಲದೆ, ಮೊದಲ ಸಲ ಬ್ರಹ್ಮಾವರದ ನಮ್ಮ ಮನೆಯ ಎದುರು ಬಂದು ನಿಂತಾಗ.

ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ದೊಡ್ಡ ಮಗ ಬಂದು, 'ಯಾರೋ ಅಜ್ಜ ಬಂದಿರ್' ಎಂದ. ಅವನು ಬೈಂದೂರಿನ ಅಂಗಡಿಯಲ್ಲಿ ಮಾತ್ರ ಅಜ್ಜನನ್ನು ಕಂಡವನು, ಇಲ್ಲಿ ಗುರುತು ಹಿಡಿದಿರಲಿಲ್ಲ. ಅಬ್ಬ ಕೊಡೆಯನ್ನು ಗೋಡೆಗೆ ಒರಗಿಸಿ ಜಗಲಿಯ ತುದಿಯಲ್ಲಿ ಕೂತರು. ಮನೆಯ ಒಳಗೆ, ಹೊರಗೆ, ಬಾವಿ, ತೆಂಗಿನ ಮರ, ಎಲ್ಲವನ್ನೂ ಒಮ್ಮೆ ನೋಡಿದರು. ಸುದ್ದಿ ಹೇಳಿದರು. ನಾನು 'ಒಳ್ಳೇದಾತ್' ಎಂದೆ. ನೀರು ಕೊಟ್ಟೆ, ಚಾ ಕೊಟ್ಟೆ. ಚಾ ಹೇಗಿದೆ ಎಂದು ಅವರು ಹೇಳಲಿಲ್ಲ, ಪೂರ್ತಿ ಕುಡಿದರು. ಮಕ್ಕಳು ದೂರದಿಂದ ನೋಡುತ್ತಿದ್ದರು. ಮಳೆ ಜೋರಾಯಿತು. ಅಂಗಳದ ನೀರು ಮೆಟ್ಟಿಲಿನ ತನಕ ಬಂತು.

'ಬೈಂದೂರಿಗ್ ಕಡೀ ಬಸ್ ಎಷ್ಟೊತ್ತಿಗೆ?' ಎಂದು ಕೇಳಿದರು.

'ಇವತ್ತ್ ಹೋಪುದ್ ಬ್ಯಾಡ ಅಬ್ಬ. ಇಲ್ಲೇ ಇರಿ.'

ಅವರು ನನ್ನ ಮುಖ ನೋಡಿದರು.

'ಇಪ್ಪುಕೆ ಅಡ್ಡಿಲ್ಯಾ?'

'ಅಡ್ಡಿಲ್ಲೆ' ಎಂದೆ.

ಅಬ್ಬ ಎದ್ದು ಒಳಗೆ ಬಂದು, ಅಂಗಿ ಬಿಚ್ಚಿ, ಗೋಡೆಯ ಗೂಟಕ್ಕೆ ಹಾಕಿದರು.